ಸಂಗಮದಿಂದ ಶೋಲೆಗೆ

ತಿರುಮಕೂಡಲಿನ ಸಂಗಮದಲ್ಲಿ ಬೆಳಗಿನ ಹೊತ್ತು ಬೆಳ್ಳಕ್ಕಿಗೂ ಮಿಂಚುಳ್ಳಿಗೂ ಬರವಿಲ್ಲ. ವಯನಾಡಿನ ಮಳೆನೀರು ಹೊತ್ತು ನಂಜನಗೂಡು ಬಳಸಿ ಬಂದ ಕಪಿಲೆ ಇಲ್ಲಿ ಕಾವೇರಿಯನ್ನು ಸೇರುತ್ತದೆ. ಆದರೆ ಟಿ. ನರಸೀಪುರದವರಿಗೆ ಮಲೆಯ ಹಕ್ಕಿ ನೋಡುವ ಆಸೆಯಾದರೆ ನೀರು ಬಂದ ದಾರಿ ಹಿಡಿದು ವಯನಾಡಿನ ತನಕ ಹೋಗಬೇಕಾಗಿಲ್ಲ. ಮೂಗೂರು, ಸಂತೇಮರಹಳ್ಳಿ ದಾಟಿ ಯಳಂದೂರು ಮುಟ್ಟಿದರೆ ಎದುರಿಗೇ ಬಿಳಿಗಿರಿರಂಗನ ಬೆಟ್ಟ. ನಂಜನಗೂಡಿನವರು ಚಾಮರಾಜನಗರದ ಮೇಲೆ ಹೋಗಿ ಕ್ಯಾತದೇವರಗುಡಿಯ ಕಡೆಯಿಂದ ಹತ್ತಬಹುದು.

ಬಯಲಿನುದ್ದಕ್ಕೂ ಭತ್ತ, ಕಬ್ಬು, ತೆಂಗು. ಕರೆಂಟ್ ತಂತಿಯ ಮೇಲೆ ಕಾಜಾಣ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಕಾಡು ಹೊಕ್ಕ ಮೇಲೆ ಅದರ ದಾಯಾದಿ ಭೀಮರಾಜನ ಸೀಮೆ. ಅದೇ ಕರಿ ಮೈ, ಆದರೆ ಬಾಲಕ್ಕೆ ಎರಡು ಉದ್ದ ಕಡ್ಡಿ, ಕಡ್ಡಿಯ ತುದಿಗೆ ಗರಿಯ ಚಕ್ಕೆ. ಬೇರೆ ಹಕ್ಕಿಗಳ ದನಿ ಅಣಕಿಸುವುದರಲ್ಲಿ ಪಳಗಿದ ಪ್ರಾಣಿ. ಕಿವಿಯಿಂದಲೇ ಹಕ್ಕಿ ಗುರುತಿಸುತ್ತೇನೆ ಎಂದು ಜಂಬ ಕೊಚ್ಚುವವರು ಈ ಕಾಡಿನಲ್ಲಿ ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.

ಬೆಟ್ಟಸಾಲು ಸುಮಾರು 600 ಮೀಟರಿನಿಂದ 1,800 ಮೀಟರಿನವರೆಗೆ ಏರುತ್ತದೆ. ಕೆಳಗೆ ಕುರುಚಲು, ಆಮೇಲೆ ಎಲೆ ಉದುರುವ ಕಾಡು, ನೆತ್ತಿಯ ಕಣಿವೆಗಳಲ್ಲಿ ನಿತ್ಯಹಸಿರು ಶೋಲೆ, ಅದರ ಸುತ್ತ ಹುಲ್ಲುಗಾವಲು. ಹೆಚ್ಚಿನವರು ನೆತ್ತಿಯ ಅವಸರದಲ್ಲಿ ನಡುವಿನ ಕಾಡನ್ನು ಕಾರಿನ ಕಿಟಕಿಯಲ್ಲೇ ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಈ ಬೆಟ್ಟದ ಕತೆಯೆಲ್ಲ ಇರುವುದು ಅಲ್ಲೇ, ನೆಲ್ಲಿಮರಗಳಲ್ಲಿ.

ಒಂದು ನೆಲ್ಲಿಮರವನ್ನು ದಿಟ್ಟಿಸಿ ನೋಡಿ. ನವುರಾದ ನೆಲ್ಲಿ ಎಲೆಯ ನಡುವೆ ಅಲ್ಲಲ್ಲಿ ದಪ್ಪ ಎಲೆಯ ಪೊದೆ ಕೂತಿರುತ್ತದೆ. ಅದು ಬದನಿಕೆ, ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಉಪ್ಪಿಲು ಎನ್ನುತ್ತಾರೆ. ಕೊಂಬೆಯೊಳಕ್ಕೆ ಬೇರಿಳಿಸಿ ಮರದ ನೀರು ಹೀರಿ ಬದುಕುವ ಗಿಡ. ಇದನ್ನು ಮರದಿಂದ ಮರಕ್ಕೆ ದಾಟಿಸುವುದು ಹೆಬ್ಬೆರಳಿನಷ್ಟು ಬದನಿಕೆಹಕ್ಕಿ. ಹಣ್ಣು ನುಂಗುತ್ತದೆ, ಅಂಟಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಮೆತ್ತಿ ಹೋಗುತ್ತದೆ. ಬೀಜಕ್ಕೆ ಮಣ್ಣು ಬೇಕಿಲ್ಲ, ಕೊಂಬೆಯೇ ಸಾಕು.

ಹಕ್ಕಿ ಹಿಂದೆಯೂ ಇತ್ತು, ಉಪ್ಪಿಲೂ ಇತ್ತು, ಈಗಿನಷ್ಟು ಹಬ್ಬಿರಲಿಲ್ಲ ಅಷ್ಟೆ. ಆಗೆಲ್ಲ ಬೇಸಿಗೆಯ ಮೊದಲಿಗೆ ಸೋಲಿಗರು ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಆ ಬಿಸಿಗೆ ಉಪ್ಪಿಲು ಸಾಯುತ್ತಿತ್ತು, ಹೊರಗಿನಿಂದ ಬಂದ ಕಳೆಗಿಡ ಲಂಟಾನವೂ ತಲೆ ಎತ್ತುತ್ತಿರಲಿಲ್ಲ ಎಂಬುದು ಅವರ ಮಾತು. ನೆಲ್ಲಿಕಾಯಿ ಕೀಳಲು ಹೋದಾಗ ಉಪ್ಪಿಲು ಹತ್ತಿದ ಕೊಂಬೆಯನ್ನೂ ಕಡಿದು ಬರುತ್ತಿದ್ದರು. 1974ರಲ್ಲಿ ಈ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಕಾಡುತ್ಪತ್ತಿ ಮಾರುವುದಕ್ಕೂ ಮುಂದೆ ತಡೆ ಬಿತ್ತು, ಕೊಂಬೆ ಕಡಿಯುವವರೂ ಇಲ್ಲವಾದರು. ಲಂಟಾನದ ಹಣ್ಣು ತಿಂದು ಬೀಜ ಚೆಲ್ಲುವ ಪಿಕಳಾರಗಳು ಮಾತ್ರ ತಮ್ಮ ಕೆಲಸ ನಿಲ್ಲಿಸಲಿಲ್ಲ. ಬೆಂಕಿಯೆಂದರೆ ಕಾಡಿನ ಶತ್ರು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಸೋಲಿಗರ ವಾದ ಕೇಳಿದ ಮೇಲೂ ವಿಜ್ಞಾನಿಗಳು ಅಳೆದು ನೋಡುವುದು ಸರಿಯೇ. ಹಾಗೆ ನೋಡಿದ ಅಧ್ಯಯನಗಳು ಆ ವಾದವನ್ನು ಗಂಭೀರವಾಗಿಯೇ ತೆಗೆದುಕೊಂಡಿವೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿದ್ದೂ ಅದೇ ವರ್ಷ. ಬೆಂಕಿಯ ಹಕ್ಕು ಮಾತ್ರ ಮರಳಿ ಸೋಲಿಗರ ಕೈಗೆ ಬಂದಿಲ್ಲ.

ಮೇಲೆ ರಂಗನಾಥನ ಗುಡಿಯ ಬಳಿ ಬಿಳಿಕಲ್ಲಿನ ಅಂಚಿನಲ್ಲಿ ಗಾಳಿ ಜಾಸ್ತಿ, ಜನವೂ ಜಾಸ್ತಿ, ಹಕ್ಕಿ ಕಡಿಮೆ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ಕಡೆಗೆ ಹೋದರೆ ಕಾಡಿನ ಬಣ್ಣವೇ ಬೇರೆ. ಎತ್ತರದ ಮರಗಳಲ್ಲಿ ಕುಟ್ರುಹಕ್ಕಿಯ ಬಿಡದ ಕುಟ್ರೂ ಕುಟ್ರೂ, ಬೆಟ್ಟದ ಮೈನಾದ ಕೂಗು, ಹಳ್ಳದ ಕಲ್ಲಿನಿಂದ ದಾರಿಹೋಕ ಹುಡುಗನ ಹಾಗೆ ಸಿಳ್ಳೆ ಹಾಕುವ ನೀಲಿಗಪ್ಪು ಸಿಳ್ಳಾರ.

ಅದಕ್ಕೂ ಮೇಲೆ, ಆರ್. ಸಿ. ಮಾರಿಸ್ ಕಾಫಿ ಬೆಳೆಯುತ್ತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಕಾಡಿನ ಟಿಪ್ಪಣಿ ಬರೆಯುತ್ತಿದ್ದ ಹೊನ್ನಮೇಟಿಯ ಸುತ್ತ, ಶೋಲೆಯ ಹಕ್ಕಿಗಳು: ಕಪ್ಪು ಪಿಕಳಾರ, ಕತ್ತಿನ ಹಿಂದೆ ಚದುರಂಗದ ಮಣೆ ಬರೆಸಿಕೊಂಡ ನೀಲಗಿರಿ ಕಾಡುಪಾರಿವಾಳ. ಈ ಪಾರಿವಾಳ ಪಶ್ಚಿಮ ಘಟ್ಟ ಮತ್ತು ದಕ್ಷಿಣ ಭಾರತದ ಇನ್ನು ಕೆಲವೇ ಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹೆಚ್ಚಾಗಿ ಕಾಡಿನ ಹಣ್ಣುಗಳನ್ನು ಇಡಿಯಾಗಿ ನುಂಗಿ ಬದುಕುವುದರಿಂದ ಇಂಥ ಕಾಡು ಮುಗಿದಲ್ಲಿ ಅದೂ ಮುಗಿಯಿತು. ಆದರೆ ಇಲ್ಲಿ ಮನಸ್ಸು ಬಂದಂತೆ ಕಾಲ್ನಡಿಗೆಯಲ್ಲಿ ಅಲೆಯುವಂತಿಲ್ಲ. ಕ್ಯಾತದೇವರಗುಡಿಯಿಂದ ಸಫಾರಿ ಜೀಪು ಹೊರಡುತ್ತದೆ, ಆದರೆ ಹುಲಿಗೆಂದು ಹೊರಟ ಜೀಪು ಪಾರಿವಾಳಕ್ಕೆ ನಿಲ್ಲುವುದು ಅಪರೂಪ. ಹತ್ತುವಾಗಲೇ ಡ್ರೈವರಿಗೆ ಹೇಳಿಟ್ಟಿರಬೇಕು.