ಬ್ಯಾಂಕಿನ ಚಿಲ್ಲರೆಯಲ್ಲಿ ಬೆಳ್ಳಿ ಸಿಗುತ್ತದೆಯೇ?



ಅಮೆರಿಕದಲ್ಲಿ ಕೆಲವರು ಬ್ಯಾಂಕಿನಿಂದ ಚಿಲ್ಲರೆ ತಂದು ಅದರಲ್ಲಿ ಬೆಳ್ಳಿಯ ನಾಣ್ಯ ಹುಡುಕುತ್ತಾರೆ. ಅಲ್ಲಿರುವ ಮಕ್ಕಳು ಮೊಮ್ಮಕ್ಕಳಿಂದ ಈ ಹವ್ಯಾಸದ ಸುದ್ದಿ ಕೇಳಿದವರು “ನಮ್ಮ ಬ್ಯಾಂಕಿನಲ್ಲೂ ಸಿಗಬಹುದೇ?” ಎಂದು ಕೇಳುವುದುಂಟು. ನಮ್ಮ ಬ್ಯಾಂಕಿನಲ್ಲಿ ಸಿಗುವುದಿಲ್ಲ. ಆದರೆ ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇರಬಹುದು. ಎರಡಕ್ಕೂ ಕಾರಣ ತಿಳಿದುಕೊಂಡರೆ, ಮನೆಯಲ್ಲಿರುವುದನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಬಹುದು.

ಅಮೆರಿಕದಲ್ಲಿ ಹೇಗೆ?

ಅಲ್ಲಿ 1964ರವರೆಗಿನ 10 ಸೆಂಟ್, 25 ಸೆಂಟ್ ಮತ್ತು ಅರ್ಧ ಡಾಲರ್ ನಾಣ್ಯಗಳಲ್ಲಿ ಶೇ. 90 ಬೆಳ್ಳಿ ಇತ್ತು. ಬೆಳ್ಳಿಯ ಬೆಲೆ ಏರಿದ್ದರಿಂದ 1965ರ ಕಾನೂನು 10 ಮತ್ತು 25 ಸೆಂಟ್‌ಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆಯಿತು. ಅರ್ಧ ಡಾಲರಿನಲ್ಲಿ 1970ರವರೆಗೆ ಶೇ. 40 ಉಳಿಯಿತು. ಜನರು ಬೆಳ್ಳಿಯದನ್ನು ಎತ್ತಿಟ್ಟು ಹೊಸದನ್ನು ಖರ್ಚು ಮಾಡಿದರು. ಆದರೆ ಹಳೆಯ ನಾಣ್ಯವನ್ನು ಸರ್ಕಾರ ರದ್ದು ಮಾಡಲಿಲ್ಲ, ಅದು ಇಂದಿಗೂ ಚಲಾವಣೆಯಲ್ಲಿದೆ. ಹಾಗಾಗಿ ಯಾರೋ ಅಜ್ಜನ ಡಬ್ಬಿಯನ್ನು ಬ್ಯಾಂಕಿಗೆ ಕಟ್ಟಿದಾಗ ಬೆಳ್ಳಿ ಮತ್ತೆ ಚಿಲ್ಲರೆಯೊಳಗೆ ಸೇರುತ್ತದೆ.

ಹುಡುಕುವವರು ಬ್ಯಾಂಕಿನಿಂದ ಕಾಗದ ಸುತ್ತಿದ ನಾಣ್ಯದ ರೋಲ್ ಕೊಳ್ಳುತ್ತಾರೆ. ಒಂದು ರೋಲಿನಲ್ಲಿ 25 ಸೆಂಟಿನ 40 ನಾಣ್ಯ, ಅಂದರೆ 10 ಡಾಲರ್. ಇಸವಿ ನೋಡುತ್ತಾರೆ, ಅಂಚು ನೋಡುತ್ತಾರೆ. ಹೊಸದರ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ, ಬೆಳ್ಳಿಯದರ ಅಂಚು ಪೂರ್ತಿ ಬಿಳಿ. ಉಳಿದದ್ದನ್ನು ಮುಖಬೆಲೆಗೇ ವಾಪಸು ಕಟ್ಟುತ್ತಾರೆ. ಹೋಗುವುದು ಸಮಯ ಮಾತ್ರ. ಬಹಳ ಸಲ ಬರಿಗೈಯೇ.

ನಮ್ಮ ಬೆಳ್ಳಿ ಎಲ್ಲಿ ಹೋಯಿತು?

ಬ್ರಿಟಿಷ್ ಕಾಲದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಎರಡನೇ ಮಹಾಯುದ್ಧದ ಬಿಗಿಯಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಪೂರ್ತಿ ನಿಕಲ್. ಅಮೆರಿಕದ ಹಾಗೆ ಇಲ್ಲಿ ಹಳೆಯದನ್ನು ಚಲಾವಣೆಯಲ್ಲಿ ಬಿಡಲಿಲ್ಲ, ಸರ್ಕಾರ ಒಂದೊಂದಾಗಿ ಹಿಂದಕ್ಕೆ ಪಡೆಯಿತು.

ಇಲ್ಲಿ ಅಮೆರಿಕದ ನಂಟೂ ಇದೆ. ಯುದ್ಧಕಾಲದಲ್ಲಿ ಭಾರತ ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸ್, ಅಂದರೆ ಹೆಚ್ಚುಕಡಿಮೆ 7,000 ಟನ್ ಬೆಳ್ಳಿಯನ್ನು ಕಡ ತಂದಿತ್ತು. ಸ್ವಾತಂತ್ರ್ಯದ ನಂತರ ಅದನ್ನು ತೀರಿಸಲು ಹಿಂದಕ್ಕೆ ಬಂದ ಬೆಳ್ಳಿ ರೂಪಾಯಿಗಳನ್ನೇ ಕರಗಿಸಲಾಯಿತು. ಬ್ಯಾಂಕಿಗೆ ಹೋದ ಬೆಳ್ಳಿ ಹೀಗೆ ಕಡ ತೀರಿಸಿತು. ಉಳಿದದ್ದು ಲಕ್ಷ್ಮೀಪೂಜೆಯ ತಟ್ಟೆಯಲ್ಲಿ, ರೂಪಾಯಿ ಸರದಲ್ಲಿ, ಅಜ್ಜಿಯ ಗಂಟಿನಲ್ಲಿ.

ಮನೆಯಲ್ಲಿ ಹೇಗೆ ಗುರುತಿಸುವುದು?

* 1939ರವರೆಗಿನ ರೂಪಾಯಿ: ಶೇ. 91.7 ಬೆಳ್ಳಿ. 1939ರದು ಬಹಳ ವಿರಳ, ಆದ್ದರಿಂದ ನಕಲಿಯೂ ಹೆಚ್ಚು.
* 1940ರಿಂದ 1945ರ ರೂಪಾಯಿ: ಶೇ. 50 ಬೆಳ್ಳಿ. ತೂಕ ಅದೇ 11.66 ಗ್ರಾಂ.
* 1947ರ ಹುಲಿ ಚಿತ್ರದ ರೂಪಾಯಿ: ನಿಕಲ್. ಆಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.
* ಗಾಂಧೀಜಿ ಶತಮಾನೋತ್ಸವದ 10 ರೂಪಾಯಿ: 15 ಗ್ರಾಂ, ಶೇ. 80 ಬೆಳ್ಳಿ.

ಗಡಿನಾಡಿನ ನಮ್ಮ ಪೆಟ್ಟಿಗೆಗಳಲ್ಲಿ ಇನ್ನೂ ಎರಡು ಬಗೆ ಸಿಗಬಹುದು. ಪಶ್ಚಿಮ ತೆಲಂಗಾಣದ ಮನೆಗಳಲ್ಲಿ ಚಾರ್ ಮಿನಾರ್ ಚಿತ್ರದ ನಿಜಾಮರ ಹಾಲಿ ಸಿಕ್ಕಾ. ಅಲ್ಲಿಯ ಹಿರಿಯರು ಬ್ರಿಟಿಷ್ ರೂಪಾಯಿಯನ್ನು ‘ಕಲ್ದಾರ್’ ಎಂದು ಬೇರೆಯಾಗಿಯೇ ಕರೆಯುತ್ತಿದ್ದರು. ಹಾಲಿ ಸಿಕ್ಕಾದ ತೂಕ 11.18 ಗ್ರಾಂ, ಬೆಳ್ಳಿ ಶೇ. 81.8. 1940ರ ದಶಕದ್ದರಲ್ಲಿ ಅರ್ಧ ಮಾತ್ರ. ಇಸವಿ ಹಿಜರಿಯಲ್ಲಿರುವುದರಿಂದ ‘1330’ ಎಂದು ಓದಿ ಏಳುನೂರು ವರ್ಷ ಹಳೆಯದೆಂದು ಭ್ರಮಿಸಬೇಡಿ. ಗೋವಾದ ಮನೆಗಳಲ್ಲಿ ಪೋರ್ಚುಗೀಸರ ರುಪಿಯಾ ಇರಬಹುದು. 1935ರದು 12 ಗ್ರಾಂ, ಶೇ. 91.7 ಬೆಳ್ಳಿ. 1947ರದರಲ್ಲಿ ಅರ್ಧ ಬೆಳ್ಳಿ. 1952ರದು ತಾಮ್ರ-ನಿಕಲ್, ಬೆಳ್ಳಿ ಇಲ್ಲ.

ದಯವಿಟ್ಟು ಗಮನಿಸಿ

ಮೊದಲನೆಯದಾಗಿ, ಹುಣಸೆಹಣ್ಣು, ಬೂದಿ, ಪುಡಿ ಹಾಕಿ ಉಜ್ಜಬೇಡಿ. ಹೊಳಪು ಬರುತ್ತದೆ, ಸಂಗ್ರಾಹಕರು ಕೊಡುವ ಬೆಲೆ ಹೋಗುತ್ತದೆ. ಇಸವಿ, ಟಂಕಸಾಲೆಯ ಗುರುತು ನೋಡದೆ ತೂಕಕ್ಕೆ ಕೊಡಬೇಡಿ. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಮಗಳ ಮದುವೆಗೆಂದು ಪೂಜೆಯ ರೂಪಾಯಿಗಳನ್ನೆಲ್ಲ ಕಾಲುಂಗುರ, ಗೆಜ್ಜೆ ಮಾಡಿಸಿದರು. ಯಾವ ಇಸವಿಯವು ಎಂದು ಈಗ ಹೇಳುವವರಿಲ್ಲ.

ಎರಡನೆಯದು ಮೋಸದ ಮಾತು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಅಥವಾ ತೆರಿಗೆ ಕಟ್ಟಿ ಎಂದು ಕರೆ ಬಂದರೆ ನಂಬಬೇಡಿ. ಭಾರತೀಯ ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರದಲ್ಲಿ ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ. ಇದನ್ನು ಅದು 2021ರಲ್ಲೇ ಸ್ಪಷ್ಟಪಡಿಸಿದೆ.

ಮೂರನೆಯದು ಕಾನೂನು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ವಿದೇಶದಲ್ಲಿರುವ ಮಕ್ಕಳಿಗೆಂದು ಅನುಮತಿಯಿಲ್ಲದೆ ಕಳಿಸುವಂತಿಲ್ಲ. ಹಳೆಯ ಮನೆ ಕೆಡವುವಾಗ ನೆಲದಲ್ಲಿ ಹೂತ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. 1878ರ ನಿಧಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಈ ಸಲ ದೀಪಾವಳಿಗೆ ಪೆಟ್ಟಿಗೆ ತೆಗೆದಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಇಸವಿಯನ್ನು ಅವರಿಂದಲೇ ಓದಿಸಿ. ಯಾವ ನಾಣ್ಯ ಯಾರಿಂದ ಬಂತು, ಯಾವ ಊರಿನಲ್ಲಿ ದುಡಿದದ್ದು ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಡಿ. ಬೆಳ್ಳಿಯ ಬೆಲೆಯನ್ನು ಯಾವ ಅಂಗಡಿಯವರಾದರೂ ಹೇಳುತ್ತಾರೆ. ಆ ಚೀಟಿಯನ್ನು ಬರೆಯಬಲ್ಲ ಹಿರಿಯರು ಈಗ ನಮ್ಮ ಮನೆಗಳಲ್ಲಿ ಕೆಲವರೇ ಇದ್ದಾರೆ.