ಕೆರೆಯ ಹೂಳು, ಬೆಟ್ಟದ ಬಂಡೆ

ಅಕ್ಕೂರು, ಚನ್ನಪಟ್ಟಣ, ರಾಮನಗರದ ಸೀಮೆಯಲ್ಲಿ ಕೆರೆಯ ಹೂಳನ್ನು ಅಗೆಯುತ್ತ ಹೋದರೆ ಕೊನೆಗೆ ಸಿಗುವುದು ಬಂಡೆಯೇ. ಹೂಳು ಸೇರಿರುವುದು ಹೊಲೊಸೀನ್ ಯುಗಕ್ಕೆ. 11,700 ವರ್ಷಗಳ ಹಿಂದೆ, ಕೊನೆಯ ಹಿಮಗಾಲ ಮುಗಿದಾಗ ಶುರುವಾದ ಆ ಯುಗ ಇನ್ನೂ ನಡೆಯುತ್ತಿದೆ. ರಾಮನಗರದ ಬೆಟ್ಟಗಳ ನಸುಗೆಂಪು ಕಲ್ಲಿನ ವಯಸ್ಸಾದರೋ ಸುಮಾರು 252 ಕೋಟಿ ವರ್ಷ. ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಜಗತ್ತಿನ ಭೂವಿಜ್ಞಾನಿಗಳು ಈ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕರ್ನಾಟಕದ ಉದ್ದಕ್ಕೂ ಸುಮಾರು 400 ಕಿಲೋಮೀಟರ್ ಚಾಚಿಕೊಂಡಿರುವ ಈ ಬಂಡೆಪಟ್ಟಿಯ ಉದ್ದವನ್ನೇ ಅದರ ಆಯುಸ್ಸು ಎಂದು ಎಣಿಸಿದರೆ, ಹೊಲೊಸೀನ್‌ನ ಪಾಲಿಗೆ ಬರುವುದು ಎರಡು ಮೀಟರಿಗೂ ಕಡಿಮೆ, ಹೆಚ್ಚುಕಡಿಮೆ ಒಂದಾಳುದ್ದ.

ಒಂದಾಳುದ್ದಕ್ಕೆ ಒಂದು ಯುಗದ ಪಟ್ಟವೇ ಎಂದು ಯಾರಾದರೂ ಕೇಳಬಹುದು. ಅದರ ಹಿಂದಿನ ಪ್ಲೀಸ್ಟೊಸೀನ್ ಸುಮಾರು 25 ಲಕ್ಷ ವರ್ಷ ನಡೆಯಿತು. ಹಿಮ ಕರಗಿ ನೆಲ ಬೆಚ್ಚಗಾದ ಇಂಥ ಬಿಡುವುಗಳು ಅದರೊಳಗೇ ಹಲವು ಬಂದುಹೋದವು. ಆಕ್ಷೇಪ ನ್ಯಾಯವಾದದ್ದು. ಆದರೆ ಭೂಮಿಯ ಕಾಲಮಾನ ಸಮನಾಗಿ ಗೆರೆ ಎಳೆದ ಅಳತೆಗೋಲಲ್ಲ, ಸಾಕ್ಷ್ಯ ಎಷ್ಟು ನವಿರಾಗಿ ಉಳಿದಿದೆಯೋ ಅಷ್ಟು ನವಿರಾಗಿ ಹೋಳು ಮಾಡಿದ ದಾಖಲೆ ಎಂಬುದು ನನ್ನ ವಾದ. ಹೊಲೊಸೀನ್‌ನ ಆರಂಭವನ್ನು ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲಿ ವರ್ಷವರ್ಷವಾಗಿ ಎಣಿಸಿ ಗುರುತಿಸಲಾಗಿದೆ. ಅದರ ಕೊನೆಯ ಭಾಗಕ್ಕೆ 2018ರಲ್ಲಿ ಮೇಘಾಲಯನ್ ಎಂಬ ಹೆಸರು ಬಂತು; 4,200 ವರ್ಷಗಳ ಹಿಂದಿನ ಆ ಗಡಿಯ ಗುರುತು ಇರುವುದು ನಮ್ಮದೇ ಮೇಘಾಲಯದ ಮಾಮ್ಲುಹ್ ಗುಹೆಯಲ್ಲಿ ಬೆಳೆದ ಸುಣ್ಣದ ಕಂಬವೊಂದರಲ್ಲಿ. ಇತ್ತ, ಪಳೆಯುಳಿಕೆಗಳು ಹೇರಳವಾಗಿ ಸಿಗುವ ಸುಮಾರು 54 ಕೋಟಿ ವರ್ಷಗಳಿಗೆ ಮಾತ್ರ ಯುಗಗಳ ವಿಂಗಡಣೆ ಇದೆ. ಅದಕ್ಕೂ ಹಿಂದಿನ 400 ಕೋಟಿ ವರ್ಷಗಳಲ್ಲಿ, ಎಂದರೆ ಭೂಮಿಯ ಬಾಳಿನ ಬಹುಪಾಲಿನಲ್ಲಿ, ಅಷ್ಟು ಸಣ್ಣ ಹೋಳು ಒಂದೂ ಇಲ್ಲ.

ರಾಮನಗರದ ಬಂಡೆ ಆ ಕಾಲದ್ದು. ಕರಗಿದ ಶಿಲೆ ಆಳದಲ್ಲಿ ತಣಿದು ಆದ ಕಲ್ಲಿನಲ್ಲಿ ಜೀವದ ಗುರುತು ಹುಡುಕಿ ಪ್ರಯೋಜನವಿಲ್ಲ. ಅದರ ವಯಸ್ಸನ್ನು ಹೇಳಿದ್ದು ಜಿರ್ಕಾನ್ ಎಂಬ ಪುಟ್ಟ ಹರಳು. ಹರಳುಗಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಈಗ ಅದರೊಳಗೆ ಸಿಗುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಈ ವಯಸ್ಸು ಭೂಮಿಯ ಎರಡು ಮಹಾಕಾಲಗಳ ಗಡಿಗೆ ಹತ್ತಿರದ್ದು: ಆರ್ಕಿಯನ್ ಮುಗಿದು ಪ್ರೊಟೆರೋಜೋಯಿಕ್ ಮೊದಲಾಗುವ ಗಡಿ 250 ಕೋಟಿ ವರ್ಷ. ಅದು ಯಾವ ಬಂಡೆಯಲ್ಲೂ ಮೊಳೆ ಹೊಡೆದು ಗುರುತಿಸಿದ ಗಡಿಯಲ್ಲ, ವಿಜ್ಞಾನಿಗಳು ಕೂತು ಒಪ್ಪಿಕೊಂಡ ದುಂಡು ಸಂಖ್ಯೆ. ಹಾಗೆಂದು ಬರಿಯ ಕಲ್ಪನೆಯೂ ಅಲ್ಲ: ನಮ್ಮ ದಕ್ಷಿಣದ ಭೂಖಂಡ ಗಟ್ಟಿಯಾಗಿ ನೆಲೆನಿಂತದ್ದು ಈ ಗ್ರಾನೈಟ್ ಉಕ್ಕಿಬಂದ ಆಸುಪಾಸಿನಲ್ಲೇ. ದಕ್ಷಿಣ ಆಫ್ರಿಕದ ನೆಲ ಅದಕ್ಕೂ ಮೊದಲೇ ಗಟ್ಟಿಯಾಗಿತ್ತು, ನಿಜ. ಎಲ್ಲೆಡೆ ಒಂದೇ ದಿನ ಆಗದ ಬದಲಾವಣೆಗೆ ಒಂದು ಸಂಖ್ಯೆ ಇಟ್ಟುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಸಾಕ್ಷ್ಯವೇ ಮುಖ್ಯವಾದರೆ ಮನುಷ್ಯನ ಹೆಸರಿನ ಆಂಥ್ರೊಪೊಸೀನ್ ಯುಗವನ್ನು 2024ರಲ್ಲಿ ಏಕೆ ತಳ್ಳಿಹಾಕಿದರು? 20ನೇ ಶತಮಾನದ ನಡುವಿನಿಂದ ಅದನ್ನು ಎಣಿಸಬೇಕೆಂಬುದು ಪ್ರಸ್ತಾಪವಾಗಿತ್ತು. ಅಣುಬಾಂಬು ಪರೀಕ್ಷೆಗಳ ಬೂದಿಯ ಗುರುತೂ ಪದರಗಳಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ತಳ್ಳಿಹಾಕಿದ್ದು ಸರಿಯೆಂದೇ ನನಗೆ ತೋರುತ್ತದೆ. ಕಾಡು ಕಡಿದು, ಹೊಲ ಉತ್ತು, ಏರಿ ಕಟ್ಟಿ ನೀರು ನಿಲ್ಲಿಸಿದವರ ಕೆಲಸ ನಮ್ಮ ಕೆರೆಗಳ ಹೂಳಿನಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಪದರ ಪದರವಾಗಿ ಕೂತಿದೆ.