ಹತ್ತಿ ಹೊಲದ ಕೂಲಿಗೂ ಜಿನೀವಾದ ಮೇಜಿಗೂ ಏನು ಸಂಬಂಧ?

ಯಾದಗಿರಿ, ಶಹಾಪುರ, ಸುರಪುರದಿಂದ ಕೇಳ್ತಿರೋರಿಗೂ, ಇಲ್ಲಿಂದ ಗುಳೆ ಹೋಗಿ ಬೆಂಗಳೂರಿನ ಸೈಟ್‌ನಲ್ಲಿ, ಎರಡು ಡೆಲಿವರಿ ನಡುವಿನ ಬಿಡುವಿನಲ್ಲಿ ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಪ್ರಶ್ನೆ ಇದು: ದುಡಿಯೋರ ಬಗ್ಗೆ ನಿಯಮ ಮಾಡೋ ಮುಂಚೆ ದುಡಿಯೋರನ್ನ ಕೇಳಬೇಕು ಅಂತ ಎಲ್ಲಾದ್ರೂ ಬರೆದಿದೆಯಾ? ಬರೆದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದ್ರೆ ಐಎಲ್‌ಒ, 1976ರಲ್ಲಿ 144ನೇ ಒಡಂಬಡಿಕೆ ಅಂತ ಒಂದನ್ನ ಅಂಗೀಕರಿಸಿತು. ಭಾರತ ಅದನ್ನ 1978ರಲ್ಲೇ ಒಪ್ಪಿಕೊಂಡಿದೆ.

ಮೂರು ಕಡೆಯವರು, ಒಂದು ಮೇಜು

ಐಎಲ್‌ಒ ಹುಟ್ಟಿದ್ದು 1919ರಲ್ಲಿ, ಕಚೇರಿ ಇರೋದು ಜಿನೀವಾದಲ್ಲಿ. ಬೇರೆ ಅಂತರರಾಷ್ಟ್ರೀಯ ಸಭೆಗಳಲ್ಲಿ ಸರ್ಕಾರಗಳು ಮಾತ್ರ ಕೂರ್ತವೆ. ಇಲ್ಲಿ ಹಂಗಲ್ಲ. ಪ್ರತಿ ದೇಶದಿಂದ 4 ಪ್ರತಿನಿಧಿಗಳು: ಸರ್ಕಾರದ ಇಬ್ಬರು, ಮಾಲೀಕರ ಕಡೆಯಿಂದ ಒಬ್ಬರು, ಕಾರ್ಮಿಕರ ಕಡೆಯಿಂದ ಒಬ್ಬರು. ಕಾರ್ಮಿಕ ಪ್ರತಿನಿಧಿ ತನ್ನ ದೇಶದ ಸರ್ಕಾರದ ವಿರುದ್ಧವೂ ಮತ ಹಾಕಬಹುದು.

144ನೇ ಒಡಂಬಡಿಕೆ ಇದೇ ಪದ್ಧತಿಯನ್ನ ದೇಶದ ಒಳಗೆ ತರುತ್ತೆ. ಐಎಲ್‌ಒ ಹೊಸ ನಿಯಮದ ಬಗ್ಗೆ ಪ್ರಶ್ನಾವಳಿ ಕಳಿಸಿದ್ರೆ ಉತ್ತರ ಬರೆಯೋ ಮುಂಚೆ, ಅಂಗೀಕಾರವಾದ ಒಡಂಬಡಿಕೆಯನ್ನ ಸಂಸತ್ತಿನ ಮುಂದೆ ಇಡುವಾಗ, ಇನ್ನೂ ಒಪ್ಪದಿರೋದನ್ನ ಮತ್ತೆ ಪರಿಶೀಲಿಸುವಾಗ, ಒಪ್ಪಿದ್ದರ ಪಾಲನೆ ಬಗ್ಗೆ ವರದಿ ಕೊಡುವಾಗ, ಯಾವುದರಿಂದಾದ್ರೂ ಹೊರಬರಬೇಕು ಅಂತ ಯೋಚಿಸುವಾಗ, ಈ ಐದೂ ಸಂದರ್ಭದಲ್ಲಿ ಸರ್ಕಾರ ಇಬ್ಬರ ಅಭಿಪ್ರಾಯ ಕೇಳಬೇಕು. ವರ್ಷಕ್ಕೆ ಒಮ್ಮೆಯಾದ್ರೂ ಈ ಸಮಾಲೋಚನೆ ನಡೀಬೇಕು. ಮಾಲೀಕರಿಗೂ ಕಾರ್ಮಿಕರಿಗೂ ಸಮಾನ ಸ್ಥಾನ ಇರಬೇಕು.

ಒಂದು ಮಾತು ಸ್ಪಷ್ಟ ಇರಲಿ. ಸಮಾಲೋಚನೆ ಅಂದ್ರೆ ಚೌಕಾಸಿ ಅಲ್ಲ. ಕೊನೆಯ ತೀರ್ಮಾನ ಸರ್ಕಾರದ್ದೇ. ಆದ್ರೆ ಕೇಳೋದು ತೀರ್ಮಾನಕ್ಕಿಂತ ಮುಂಚೆ ಆಗಬೇಕು. ನಾರಾಯಣಪುರ ಕಾಲುವೆ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಬಿತ್ತನೆಗೆ ಮುಂಚೆ ಆದ್ರೆ ಉಪಯೋಗ. ಗೇಟ್ ಮುಚ್ಚಿದ ಮೇಲೆ ಸಭೆ ಕರೆದು ಏನು ಮಾಡೋದು?

ನಮ್ಮಲ್ಲಿ ವ್ಯವಸ್ಥೆ ಇದೆಯಾ?

ಇದೆ, ಹಳೇದೇ ಇದೆ. ಭಾರತೀಯ ಕಾರ್ಮಿಕ ಸಮ್ಮೇಳನದ ಬೇರು 1942ರ ತ್ರಿಪಕ್ಷೀಯ ಸಭೆಯಲ್ಲಿದೆ. ಐಎಲ್‌ಒ ಒಡಂಬಡಿಕೆಗಳನ್ನ ಪರಿಶೀಲಿಸೋಕೆ ಅಂತಲೇ 1954ರಲ್ಲಿ ಪ್ರತ್ಯೇಕ ಸಮಿತಿ ಆಯ್ತು. ಆದ್ರೆ ಸಮ್ಮೇಳನದ 46ನೇ ಅಧಿವೇಶನ ನಡೆದದ್ದು 2015ರ ಜುಲೈನಲ್ಲಿ. ಆಮೇಲೆ 10 ವರ್ಷ ದಾಟಿದ್ರೂ 47ನೇದು ಕರೆದಿರಲಿಲ್ಲ. ಈ ಅವಧಿಯಲ್ಲೇ 29 ಕಾರ್ಮಿಕ ಕಾನೂನುಗಳು 4 ಸಂಹಿತೆಗಳಾಗಿ, 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕರಡು ಹಂತದಲ್ಲಿ ತ್ರಿಪಕ್ಷೀಯ ಸಭೆ ಮಾಡಿದ್ದೇವೆ ಅನ್ನೋದು ಸರ್ಕಾರದ ಮಾತು. ಅತಿ ದೊಡ್ಡ ವೇದಿಕೆಯನ್ನೇ ಕರೀದೆ ಸಮಾಲೋಚನೆ ಹೆಂಗಾಯ್ತು ಅನ್ನೋದು ಬಹುತೇಕ ಕೇಂದ್ರ ಕಾರ್ಮಿಕ ಸಂಘಗಳ ಪ್ರಶ್ನೆ.

ಕರ್ನಾಟಕದ್ದೇ ಒಂದು ಉದಾಹರಣೆ ತಗೊಳ್ಳಿ. 2020ರ ಮೇ 22ರಂದು, ಕೊರೊನಾ ಕಾಲದಲ್ಲಿ, ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಕೆಲಸಕ್ಕೆ ಅವಕಾಶ ಕೊಟ್ಟು ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟ್‌ಗೆ ಹೋಯ್ತು. ಜೂನ್ 11ಕ್ಕೆ ಸರ್ಕಾರ ಅಧಿಸೂಚನೆ ವಾಪಸ್ ತಗೊಂಡಿತು. ಅದೇ ಹೊತ್ತಿನಲ್ಲಿ ಹಲವು ರಾಜ್ಯಗಳು ಕಾರ್ಮಿಕ ಕಾನೂನು ಸಡಿಲಿಸ್ತಿದ್ದಾಗ ಕೇಂದ್ರ ಕಾರ್ಮಿಕ ಸಂಘಗಳು ಐಎಲ್‌ಒಗೆ ಪತ್ರ ಬರೆದವು. ಆಗಿನ ಮಹಾನಿರ್ದೇಶಕ ಗೈ ರೈಡರ್ ತಮ್ಮ ಕಳವಳವನ್ನ ಪ್ರಧಾನಿಯವರಿಗೆ ತಿಳಿಸಿದರು. ಮೊದಲೇ ಕೂತು ಮಾತಾಡಿದ್ರೆ ಉಳೀಬಹುದಾದ ಜಗಳ ಆಮೇಲೆ ಕೋರ್ಟ್ ಹತ್ತುತ್ತೆ ಅಂತ ಹೇಳೋದು ಇದಕ್ಕೇ.

ಸರಿ, ಶಹಾಪುರದ ಹತ್ತಿ ಹೊಲಕ್ಕೆ ಬರೋಣ

ಒಡಂಬಡಿಕೆ ಪ್ರಕಾರ ಮೇಜಿನ ಹತ್ತಿರ ಕರೀಬೇಕಾದ್ದು "ಅತ್ಯಂತ ಪ್ರಾತಿನಿಧಿಕ" ಸಂಘಟನೆಗಳನ್ನ. ನಮ್ಮ ಸಮಸ್ಯೆ ಇಲ್ಲೇ ಶುರು. ಕೆ.ಜಿ. ಲೆಕ್ಕದಲ್ಲಿ ಹತ್ತಿ ಬಿಡಿಸೋ ಹೆಣ್ಣುಮಗಳು, ಭತ್ತ ನಾಟಿಗೆ ಹೋಗೋ ಗುಂಪು, ಗುತ್ತೇದಾರನ ಹತ್ತಿರ ಮುಂಗಡ ತಗೊಂಡು ಗುಳೆ ಹೋದ ಕುಟುಂಬ, ಇವರಲ್ಲಿ ಸಂಘದ ಸದಸ್ಯರು ಎಷ್ಟು ಮಂದಿ? ಸಂಘ ಇಲ್ಲ ಅಂದ್ರೆ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ ಅಂದ್ರೆ ಮೇಜಿನ ಹತ್ತಿರ ಕುರ್ಚಿ ಇಲ್ಲ. ವಿಚಿತ್ರ ಅಂದ್ರೆ, ಗ್ರಾಮೀಣ ಕಾರ್ಮಿಕರ ಸಂಘಟನೆಗಳ ಬಗ್ಗೆ ಇರೋ 141ನೇ ಒಡಂಬಡಿಕೆಯನ್ನ ಭಾರತ 1977ರಲ್ಲೇ ಒಪ್ಪಿದೆ. ಆದ್ರೆ ಸಂಘ ಕಟ್ಟೋ ಸ್ವಾತಂತ್ರ್ಯದ 87, ಸಾಮೂಹಿಕ ಚೌಕಾಸಿಯ 98, ಈ ಎರಡು ಮೂಲ ಒಡಂಬಡಿಕೆಗಳನ್ನ ಒಪ್ಪಿಲ್ಲ.

ಕುರ್ಚಿ ಇಲ್ಲದಿದ್ರೆ ಏನು ನಷ್ಟ? ಮಕ್ಕಳ ವಿಷಯವನ್ನೇ ನೋಡಿ. ಹತ್ತಿ, ಮೆಣಸಿನಕಾಯಿ ಬಿಡಿಸೋ ಹಂಗಾಮಿನಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಹೋಗೋ ಮಕ್ಕಳನ್ನ ನಮ್ಮ ಜಿಲ್ಲೆಯಲ್ಲಿ ನೋಡದವರಿಲ್ಲ. ಬಾಲಕಾರ್ಮಿಕತೆ ಕುರಿತ 138 ಮತ್ತು 182ನೇ ಒಡಂಬಡಿಕೆಗಳನ್ನ ಭಾರತ 2017ರ ಜೂನ್ 13ರಂದು ಒಪ್ಪಿತು. 18 ವರ್ಷದೊಳಗಿನವರಿಗೆ ಯಾವ ಕೆಲಸ ಅಪಾಯಕಾರಿ ಅನ್ನೋ ಪಟ್ಟಿಯನ್ನ ಮಾಲೀಕರು, ಕಾರ್ಮಿಕರ ಸಂಘಟನೆಗಳನ್ನ ಕೇಳಿಯೇ ಮಾಡಬೇಕು, ಆಗಾಗ ಪರಿಷ್ಕರಿಸಬೇಕು ಅಂತ 182 ಹೇಳುತ್ತೆ. ಔಷಧಿ ಹೊಡೆದ ಮರುದಿನ ಹೊಲಕ್ಕೆ ಇಳಿದ್ರೆ ಕಣ್ಣು ಉರಿಯುತ್ತೆ, ತಲೆ ಸುತ್ತುತ್ತೆ ಅನ್ನೋದು ಅಲ್ಲಿ ದುಡಿಯೋರಿಗೆ ಗೊತ್ತು. ಅವರು ಮೇಜಿನ ಹತ್ತಿರ ಇಲ್ಲದಿದ್ರೆ ಆ ಮಾತು ಪಟ್ಟಿಗೆ ಬರೋದು ಹೆಂಗೆ?

ಡೆಲಿವರಿ ಮಾಡೋ ಗೆಳೆಯರಿಗೂ ಇದು ಸಂಬಂಧಪಟ್ಟದ್ದೇ. ಆ್ಯಪ್ ಮೂಲಕ ನಡೆಯೋ ಕೆಲಸಕ್ಕೆ ಜಾಗತಿಕ ಮಾನದಂಡ ಬೇಕು ಅಂತ ಐಎಲ್‌ಒ 2025ರ ಜೂನ್‌ನಲ್ಲಿ ಮೊದಲ ಸುತ್ತು ಚರ್ಚಿಸಿತು. ಎರಡನೇ ಸುತ್ತಿಗೆ ಗೊತ್ತುಮಾಡಿದ್ದು 2026ರ ಅಧಿವೇಶನ. ಕರ್ನಾಟಕ 2025ರಲ್ಲೇ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಅದರ ಮಂಡಳಿಯಲ್ಲಿ ಕಂಪನಿಗಳ ಜೊತೆ ಕಾರ್ಮಿಕ ಪ್ರತಿನಿಧಿಗಳಿಗೂ ಜಾಗ ಇದೆ.

ನಾವು ಏನು ಮಾಡಬಹುದು?

ಎರಡು ಕೆಲಸ. ಒಂದು, ಕನಿಷ್ಠ ವೇತನದ ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆ ಸಲ್ಲಿಸೋಕೆ ಕನಿಷ್ಠ 2 ತಿಂಗಳು ಸಮಯ ಇರುತ್ತೆ. ಕೃಷಿ ಕೂಲಿಗೂ ಕನಿಷ್ಠ ವೇತನ ಇದೆ. ನಿಮ್ಮೂರಿನ ಕೂಲಿ ಎಷ್ಟು, ಸಂತೆ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ ಕನ್ನಡದಲ್ಲೇ ಬರೆದು ಕಳಿಸಿ. ಎರಡು, ಸಂಘ. ನೋಂದಣಿಗೆ 7 ಜನ ಅರ್ಜಿ ಹಾಕಬಹುದು. ಆದ್ರೆ ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಒಂದು ಹತ್ತಿ ಹಂಗಾಮಿನಲ್ಲಿ ನಾಲ್ಕು ಊರು ಸೇರಿದ್ರೆ 100 ಜನ ದೊಡ್ಡ ಸಂಖ್ಯೆ ಅಲ್ಲ.

ನಿಮ್ಮ ಕಡೆ ಹತ್ತಿ ಬಿಡಿಸೋಕೆ ಕೆ.ಜಿ.ಗೆ ಎಷ್ಟು ಕೊಡ್ತಾರೆ, ಆ ದರ ಯಾರು ನಿಗದಿ ಮಾಡ್ತಾರೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರಿ.